ಸಂಜೆಯ ಕರೆಂಟು ಕೊಳ್ಳದ ದಿನಗಳು

ಬೆಳಿಗ್ಗೆ ಹತ್ತು ಗಂಟೆಗೆ ಕೂತು ನಾನು ಮರುದಿನದ ಕರೆಂಟು ಕೊಳ್ಳಬೇಕು. ಇದು ನನ್ನ ಉದ್ಯೋಗ. ಹೊಸೂರಿನ ಒಂದು ಗೇರ್ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೇನೆ; ಊರು ಮಾಲೂರಿನ ಕಡೆ, ಮನೆ ಮತ್ತಿಗಿರಿಯಲ್ಲಿ. ಸಂತೆಯಲ್ಲಿ ಟೊಮ್ಯಾಟೊ ಕೊಂಡಂತೆ ಕರೆಂಟನ್ನೂ ಕೊಳ್ಳುತ್ತಾರೆಂದರೆ ನಮ್ಮೂರಿನವರು ಇಂದಿಗೂ ನಂಬುವುದಿಲ್ಲ. ಆದರೆ ದೇಶಕ್ಕೆಲ್ಲ ಅಂಥ ಮಾರುಕಟ್ಟೆ ಇದೆ. ನಾಳೆಯ ದಿನವನ್ನು ಕಾಲು ಕಾಲು ಗಂಟೆಯಾಗಿ ತುಂಡು ಮಾಡಿ, ತೊಂಬತ್ತಾರು ಚೌಕಮನೆಗಳ ಪಟ್ಟಿಯಲ್ಲಿ, ಯಾವ ಕಾಲು ಗಂಟೆಗೆ ಎಷ್ಟು ಬೇಕು, ಯೂನಿಟ್ಟಿಗೆ ಹೆಚ್ಚೆಂದರೆ ಎಷ್ಟು ಕೊಡುತ್ತೇವೆ ಎಂದು ಬರೆದು ಕಳಿಸುತ್ತೇನೆ. ಮಧ್ಯಾಹ್ನ ಉತ್ತರ ಬರುತ್ತದೆ. ನಾನು ಬರೆದ ದರಕ್ಕೆ ಮಾರುವವರು ಸಿಕ್ಕಿದ್ದರೆ ಕರೆಂಟು ನಮ್ಮದು. ಇಲ್ಲದಿದ್ದರೆ ಆ ಮನೆಯಲ್ಲಿ ಸೊನ್ನೆ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ನಾನು ಬೇಕೆಂದೇ ತರಿಸಿಕೊಂಡ ಸೊನ್ನೆಗಳ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದುವರೆಗೆ ಮೂವರಿಗೆ ಮಾತ್ರ ಹೇಳಿದ್ದೆ. ಅದರಲ್ಲಿ ಒಬ್ಬರಿಗೆ ಹೇಳಬಾರದಿತ್ತೇನೋ ಎಂಬ ಅನುಮಾನ ಈಗಲೂ ಉಳಿದಿದೆ.

ನಾನು ಹೊಸೂರಿಗೆ ಬಂದಾಗ ನನಗೆ ತಮಿಳು ಓದಲು ಬರುತ್ತಿರಲಿಲ್ಲ. ವಿದ್ಯುತ್ ಬೋರ್ಡಿನಿಂದ ಬರುವ ಪತ್ರಗಳನ್ನು ಹಿಡಿದು ಗೇಟಿನ ಸೆಕ್ಯುರಿಟಿಯವರ ಹತ್ತಿರ ಓದಿಸಿಕೊಳ್ಳುತ್ತಿದ್ದೆ. ಬೋರ್ಡಿನ ಲೈನ್‌ಮನ್ ಒಬ್ಬರು ಪ್ರತಿ ತಿಂಗಳೂ ತಮ್ಮ ಅಧಿಕಾರಿಯ ಜೊತೆ ನಮ್ಮ ಮೀಟರ್ ನೋಡಲು ಬರುತ್ತಿದ್ದರು. ತಳಿ ಕಡೆಯ ಹಳ್ಳಿಯವರು, ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ಒಂದು ದಿನ ನನ್ನ ಪಾಡು ನೋಡಿ, ಪತ್ರವನ್ನು ಕೈಯಿಂದ ಕಿತ್ತುಕೊಂಡು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು. ಆಮೇಲೆ ಅಕ್ಷರಗಳನ್ನೂ ಅವರೇ ಕಲಿಸಿದರು. ಮೀಟರ್ ಕೋಣೆಯ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ತಪ್ಪಿದರೆ ಬೂಟುಗಾಲಿನಲ್ಲೇ ಅಳಿಸುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ಬೇರೆಯವರೆದುರು ಸಾರ್ ಎಂದೂ, ಇಬ್ಬರೇ ಇದ್ದಾಗ ತಮ್ಮ ಎಂದೂ ಕರೆಯುತ್ತಿದ್ದರು.

ಕಾರ್ಖಾನೆಯವರು ನನ್ನನ್ನು ಬೆಂಗಳೂರಿಗೆ ಮೂರು ದಿನದ ತರಬೇತಿಗೆ ಕಳಿಸಿದರು. ವಿದ್ಯುತ್ ಉದ್ಯಮವನ್ನು ಹೇಗೆಲ್ಲ ಬಿಡಿಸಿ ಮತ್ತೆ ಕಟ್ಟಬಹುದು ಎನ್ನುವುದು ಪಾಠ. ಮೇಷ್ಟರು ಹಲಗೆಯ ಮೇಲೆ ನಾಲ್ಕು ಚಿತ್ರ ಬರೆದರು. ಹಳೆಯ ಕಾಲದಲ್ಲಿ ಉತ್ಪಾದಿಸುವವನೂ, ಸಾಗಿಸುವವನೂ, ಮನೆಗೆ ಕೊಡುವವನೂ ಒಬ್ಬನೇ. ಆಮೇಲೆ ಉತ್ಪಾದಿಸುವವರು ಹಲವರಾದರು, ಕೊಳ್ಳುವವನು ಮಾತ್ರ ಒಬ್ಬನೇ ಉಳಿದ. ಮೂರನೆಯ ಚಿತ್ರದಲ್ಲಿ ನಮ್ಮಂಥ ದೊಡ್ಡ ಗಿರಾಕಿಗಳು ಸಗಟು ಮಾರುಕಟ್ಟೆಗೆ ನೇರವಾಗಿ ಹೋಗುತ್ತಾರೆ. ನಾಲ್ಕನೆಯದರಲ್ಲಿ ಮನೆಯಲ್ಲಿ ಒಂದು ಬಲ್ಬು ಉರಿಸುವವರೂ ತಮಗೆ ಬೇಕಾದವರಿಂದ ಕೊಳ್ಳಬಹುದು. ನಾನು ಕೈಯೆತ್ತಿ, ಕರೆಂಟು ಹೋದರೆ ಆಗ ಯಾರನ್ನು ಕೇಳುವುದು ಎಂದೆ. ಯಾಕೆ ಹೋಯಿತು ಎನ್ನುವುದರ ಮೇಲೆ ನಿಂತಿದೆ ಎಂದರು ಮೇಷ್ಟರು. ಉತ್ತರ ಸರಿಯಾಗಿಯೇ ಇತ್ತು, ಬರೆದುಕೊಂಡೆ.

ಹಿಂದಿರುಗಿದ ತಿಂಗಳು ಅಣ್ಣ ಮೀಟರ್ ನೋಡಲು ಬಂದಾಗ ಊಟಕ್ಕೆ ಕೂರಿಸಿಕೊಂಡು ನಾಲ್ಕೂ ಚಿತ್ರಗಳನ್ನು ವಿವರಿಸಿದೆ. ಅವರು ಮುದ್ದೆ ಮುರಿಯುತ್ತ ಕೇಳಿದರು.

“ಕರೆಂಟ್ಗೆ ಬಣ್ಣ ಐತೇನ್ಲಾ? ಇದು ನಿಮ್ದು, ಇದು ಪಕ್ಕದ ಫ್ಯಾಕ್ಟ್ರಿದು ಅಂತ ತಂತಿ ಒಳಗೆ ಹೆಂಗೆ ಗೊತ್ತಾಯ್ತದೆ?”

“ಗೊತ್ತಾಗಲ್ಲಣ್ಣ. ಲೆಕ್ಕದಲ್ಲಷ್ಟೇ.”

“ತಂತಿ ಯಾರ್ದು ಹಂಗಾದ್ರೆ?”

“ತಂತಿ ಬೋರ್ಡಿಂದೇ.”

“ಸರಿ ಬಿಡು. ಕಂಬ ಹತ್ತೋರು ನಾವೇ, ಬೈಸ್ಕೊಳ್ಳೋರೂ ನಾವೇ. ಇನ್ನು ನೀನು ಯಾರತ್ರ ಬೇಕಾದ್ರೂ ಕೊಂಡ್ಕೋ” ಎಂದು ನಕ್ಕು ಮಜ್ಜಿಗೆ ಕುಡಿದರು.

ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ದರ ಇಳಿದ ಹೊತ್ತು ನೋಡಿ ಕೊಳ್ಳುವುದು ನನಗೆ ಒಂದು ಆಟದಂತಾಯಿತು. ತಿಂಗಳ ಸಭೆಯಲ್ಲಿ ಮ್ಯಾನೇಜರ್ ನನ್ನ ಉಳಿತಾಯದ ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಎಲ್ಲರ ಮುಂದೆ ಹೊಗಳುತ್ತಿದ್ದರು. ಡಿಪ್ಲೊಮಾ ಓದಿದವನಿಗೆ ಅದೇನು ಕಡಿಮೆಯೇ? ಆ ಹೊಗಳಿಕೆಯ ರುಚಿ ಹತ್ತಿತು.

ಮೂರನೆಯ ಬೇಸಿಗೆಯಲ್ಲಿ ಕರೆಂಟಿನ ಅಭಾವ ಬಂತು. ಸಂಜೆ ಆರರಿಂದ ಹತ್ತರವರೆಗೆ ದೊಡ್ಡ ಕಾರ್ಖಾನೆಗಳು ಬೋರ್ಡಿನ ಕರೆಂಟನ್ನು ದೀಪಕ್ಕೆ, ನೀರಿನ ಪಂಪಿಗೆ ಮಾತ್ರ ಬಳಸಬೇಕು, ಯಂತ್ರ ನಡೆಸಬೇಕಾದರೆ ಹೊರಗಿನಿಂದ ಕೊಂಡು ತರಬೇಕು ಎಂದು ಎಲ್ಲರಿಗೂ ಒಂದೇ ನಿಯಮವಾಯಿತು. ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಕೊಂಡಿದ್ದರೆ ಎಳೆದುಕೊಳ್ಳಬಹುದು, ಅಷ್ಟೇ. ದೇಶದಲ್ಲೆಲ್ಲ ಸೆಕೆ, ಮಾರುಕಟ್ಟೆಯಲ್ಲಿ ಸಂಜೆಯ ದರ ಏರತೊಡಗಿತು. ಎಷ್ಟರವರೆಗೆ ಕೊಡೋಣ ಸಾರ್ ಎಂದು ಮ್ಯಾನೇಜರನ್ನು ಕೇಳಿದೆ. “ನಿಮಗೆ ಬಿಟ್ಟಿದ್ದು. ಶಿಫ್ಟೂ ನಡೀಬೇಕು, ಪಟ್ಟಿನೂ ಚೆನ್ನಾಗಿರಬೇಕು” ಎಂದರು. ಎರಡೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನು ಪಟ್ಟಿಯನ್ನು ಆರಿಸಿಕೊಂಡೆ. ವರ್ಷದ ಕೊನೆಯಲ್ಲಿ ನಮ್ಮ ಕಂಪನಿಯ ಎಲ್ಲ ಘಟಕಗಳಲ್ಲಿ ಒಬ್ಬರಿಗೆ ಉಳಿತಾಯದ ಬಹುಮಾನ ಕೊಡುತ್ತಿದ್ದರು. ಅದು ನನಗೇ ಬರಬೇಕಿತ್ತು. ಹಿಂದಿನ ತಿಂಗಳ ದರವನ್ನೇ ಬರೆದು ಕಳಿಸಿದೆ. ಮಧ್ಯಾಹ್ನ ಸಂಜೆಯ ಹದಿನಾರು ಮನೆಗಳಲ್ಲೂ ಸೊನ್ನೆ ಬಂತು.

ಗೇರುಗಳನ್ನು ಕಾಯಿಸಿ ಗಟ್ಟಿ ಮಾಡುವ ಕುಲುಮೆ ನಮ್ಮಲ್ಲಿದೆ. ಒಮ್ಮೆ ಸರಕು ತುಂಬಿದರೆ ಎಂಟು ಗಂಟೆ ಬಿಡದೆ ಕಾಯಬೇಕು. ಆರಕ್ಕೆ ನಿಲ್ಲಿಸಬೇಕಾದರೆ ಎರಡಕ್ಕೆ ತುಂಬುವುದೇ ದಂಡ. ಹಾಗಾಗಿ ಸಂಜೆಯ ಕರೆಂಟು ಇಲ್ಲವೆಂದರೆ ಎರಡನೆಯ ಶಿಫ್ಟೇ ಇಲ್ಲ. ಆ ಶಿಫ್ಟಿನಲ್ಲಿ ಸರಕು ಜೋಡಿಸಲು, ತೆಗೆದು ಪರೀಕ್ಷಿಸಲು ರಾಯಕೋಟೆ ರಸ್ತೆಯ ಹಳ್ಳಿಯೊಂದರಿಂದ ಹದಿನಾಲ್ಕು ಹೆಂಗಸರು ಬರುತ್ತಿದ್ದರು. ಕಾಂಟ್ರಾಕ್ಟಿನವರು, ಬಂದು ದುಡಿದ ದಿನಕ್ಕೆ ಮಾತ್ರ ಕೂಲಿ.

ಗೇಟಿನಲ್ಲಿ ಸೂಚನೆ ಹಾಕಬೇಕಿತ್ತು. ಕಂಪ್ಯೂಟರಿನ ಮುಂದೆ ಕೂತು ಏನೆಂದು ಬರೆಯಲಿ ಎಂದು ಯೋಚಿಸಿದ್ದು ನೆನಪಿದೆ. ‘ಸಂಜೆಯ ಕರೆಂಟನ್ನು ನಾವು ಕೊಂಡಿಲ್ಲ’ ಎಂದು ಬರೆಯಲು ಆಗುತ್ತದೆಯೇ? ‘ಬೋರ್ಡಿನವರು ವಿದ್ಯುತ್ ನಿಲ್ಲಿಸಿರುವುದರಿಂದ ಎರಡನೇ ಶಿಫ್ಟ್ ಇರುವುದಿಲ್ಲ’ ಎಂದು ತಮಿಳಿನಲ್ಲೂ ಕನ್ನಡದಲ್ಲೂ ಬರೆದು ಸಹಿ ಹಾಕಿದೆ. ಅಣ್ಣ ಕಲಿಸಿದ ಅಕ್ಷರಗಳಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಬರೆದ ಮೊದಲ ಸಾರ್ವಜನಿಕ ಸೂಚನೆ ಅದು.

ಹೆಂಗಸರಿಗೆ ಮುಂದಾಳಾಗಿದ್ದಾಕೆ ಐವತ್ತರ ಹತ್ತಿರದವರು. ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಸೂಪರ್‌ವೈಸರ್ ಹತ್ತಿರ ತಮಿಳು. ನಾಲ್ಕನೆಯ ದಿನವೋ ಐದನೆಯ ದಿನವೋ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು.

“ಸಾರ್, ಇವತ್ತಾದ್ರೂ ಬತ್ತದಾ ಕರೆಂಟು? ದಿನಾ ಬಸ್ಸತ್ತಿ ಬಂದು ಬೋರ್ಡ್ ಓದ್ಕೊಂಡು ಹೋಗೋದೇ ಆಯ್ತು.”

“ನಮ್ಮ ಕೈಲೇನಿದೆಯಮ್ಮ? ಬೋರ್ಡಿನವರು ಕೊಡಬೇಕು.”

“ಯಾರ್ನ ಕೇಳ್ಬೇಕು ಸಾರ್ ನಾವು? ನಮ್ಮೂರ್ಗೆ ಒಬ್ಬ ಲೈನ್‌ಮನ್ ಬತ್ತಾನೆ. ಅವನ್ನ ಕೇಳಾನಾ?”

“ಕೇಳಿ ನೋಡಿ” ಎಂದೆ. ಮಾತು ಮುಗಿಸಿ ಒಳಗೆ ಹೋಗುವ ಅವಸರದಲ್ಲಿ ಅಂದದ್ದು. ಆ ಹಳ್ಳಿಯ ಲೈನ್‌ಮನ್ ಯಾರೆಂದು ನನಗೆ ಗೊತ್ತಿತ್ತು. ಆದರೂ ಅಂದೆ.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ಎದುರಿಗೆ ಕೂತವರು ಮೊಬೈಲ್ ನೋಡಿಕೊಂಡು ನಗುತ್ತಿದ್ದರು. ಒಬ್ಬರು ನನ್ನ ಕಡೆ ತಿರುಗಿಸಿ, “ನೋಡಿ ಸಾರ್, ನಿಮ್ಮ ಡಿಪಾರ್ಟ್‌ಮೆಂಟಿನವರು” ಎಂದರು.

ವಿಡಿಯೊದಲ್ಲಿ ಹಳ್ಳಿಯ ಟ್ರಾನ್ಸ್‌ಫಾರ್ಮರ್. ಫ್ಯೂಸು ಹೋಗಿದ್ದನ್ನು ಸರಿಪಡಿಸಲು ಅಣ್ಣ ಮೇಲೆ ಹತ್ತಿದ್ದರು. ಕೆಳಗೆ ಹೆಂಗಸರು ಸೇರಿ ಏಣಿಯನ್ನು ತೆಗೆದು ದೂರ ಮಲಗಿಸಿಬಿಟ್ಟಿದ್ದರು. ಸ್ವಿಚ್ಚು ಬಿಡಿಸಿಯೇ ಹತ್ತಿದ್ದರಿಂದ ಕರೆಂಟಿನ ಅಪಾಯವಿರಲಿಲ್ಲ, ಆದರೆ ನೆತ್ತಿಯ ಮೇಲೆ ಬಿಸಿಲು. ಐವತ್ತೇಳು ವರ್ಷದ ಮನುಷ್ಯ ಕಬ್ಬಿಣದ ಪಟ್ಟಿಯ ಮೇಲೆ ಕಂಬ ತಬ್ಬಿಕೊಂಡು ನಿಂತಿದ್ದರು. ಮುಂದಾಳು ಹೆಂಗಸು ಕೂಗುತ್ತಿದ್ದರು: “ನಮ್ ಫ್ಯಾಕ್ಟ್ರಿಗೆ ಕರೆಂಟ್ ಬಿಡೋಗಂಟ ಅಲ್ಲೇ ಇರ್ಲಿ! ಒಂಬತ್ ದಿನ ನಮ್ ಹೊಟ್ಟೆಗೆ ಬೆಂಕಿ ಇಕ್ದೋರು!” ಅಣ್ಣ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ನೀರು ಕೊಡ್ರವ್ವ ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ವಿಡಿಯೊದ ಕೊನೆಯಲ್ಲಿ ಅವರ ಖಾಕಿ ಪ್ಯಾಂಟು ಒದ್ದೆಯಾಗಿರುವುದು ಕಾಣುತ್ತಿತ್ತು. ಕ್ಯಾಂಟೀನಿನವರು ನಗುತ್ತಿದ್ದುದು ಅದಕ್ಕೆ.

ನನ್ನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಇದು ನನ್ನಿಂದ ಆದದ್ದು ಎಂದು ಹೇಳಲು ನಾಲ್ಕೇ ಮಾತು ಸಾಕಿತ್ತು. ಬೈಕು ಹತ್ತಿ ಹಳ್ಳಿಗೆ ಹೋಗಲು ಅರ್ಧ ಗಂಟೆ ಸಾಕಿತ್ತು. ಫೋನು ಕೈಯಲ್ಲೇ ಇತ್ತು. ಎದ್ದು ಕೈ ತೊಳೆದುಕೊಂಡು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಊರಿನ ಹಿರಿಯರು ಬಂದು ಅವರನ್ನು ಇಳಿಸಿದರೆಂದು ಸಂಜೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ದರವನ್ನು ಏರಿಸಿ ಬರೆದೆ. ಹದಿನಾರು ಮನೆಗಳೂ ತುಂಬಿ ಬಂದವು. ಸೂಚನೆ ತೆಗೆಸಿದೆ, ಶಿಫ್ಟಿಗೆ ಬರಬೇಕೆಂದು ಹೆಂಗಸರಿಗೆ ಹೇಳಿಕಳಿಸಿದೆ. ಇಷ್ಟಾದರೂ ಮಾಡಿದೆನಲ್ಲ ಎಂದು ಸಮಾಧಾನ ಪಡುತ್ತ ಅದರ ಮಾರನೆಯ ದಿನ ಗೇಟಿನ ಹತ್ತಿರ ನಿಂತಿದ್ದೆ. ಹೆಂಗಸರು ನಗುತ್ತ ಬಂದರು.

“ನೋಡುದ್ರಾ ಸಾರ್? ಒಂದೇ ದಿನ ಮೇಲೆ ನಿಲ್ಸುದ್ವಿ, ಕರೆಂಟ್ ಓಡ್ ಬಂತು!” ಎಂದರು ಮುಂದಾಳು. ಹಿಂದಿನವರು ಹೋ ಎಂದರು.

ನಾನು ತಿದ್ದಿದ ತಪ್ಪೇ ಅವರ ಪಾಲಿಗೆ ಸಾಕ್ಷಿಯಾಗಿತ್ತು. ಆ ಲೈನ್‌ಮನ್ನೇ ಕರೆಂಟು ನಿಲ್ಲಿಸಿದ್ದ, ಹೆದರಿಸಿದ ಮೇಲೆ ಬಿಟ್ಟ ಎಂದು ಆ ಹಳ್ಳಿಗೆಲ್ಲ ಖಾತ್ರಿಯಾಯಿತು. ನಾನು ಆಗಲೂ ನಕ್ಕೆನೋ ಏನೋ. ನಕ್ಕಿರಬೇಕು.

ಆ ತಿಂಗಳು ಮೀಟರ್ ನೋಡಲು ಬೇರೊಬ್ಬರು ಬಂದರು. ಅಣ್ಣ ತಾವಾಗಿಯೇ ಅರ್ಜಿ ಕೊಟ್ಟು ತಳಿ ಕಡೆಗೆ ಹೋಗಿದ್ದಾರೆ, ಆ ರಸ್ತೆಯ ಹಳ್ಳಿಗಳಲ್ಲಿ ಮುಖ ತೋರಿಸಲಾರೆ ಎಂದರಂತೆ ಎಂದು ಹೇಳಿದರು. ಮೂರು ತಿಂಗಳು ನಾನು ನಾಳೆ ಹೋದರಾಯಿತು ಎಂದುಕೊಂಡೇ ಕಳೆದೆ. ಕೊನೆಗೆ ಒಂದು ಭಾನುವಾರ ಬೈಕಿನಲ್ಲಿ ಹೊರಟೆ. ಹೆಂಡತಿಗೆ ಅಷ್ಟು ಹೊತ್ತಿಗೆ ಹೇಳಿದ್ದೆ, ಅವಳೇ ದಬ್ಬಿದ್ದು.

ಅವರ ಮನೆ ರಾಗಿ ಹೊಲದ ಅಂಚಿನಲ್ಲಿತ್ತು. ಜಗಲಿಯ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದರು. ಇಳಿದುಹೋಗಿದ್ದರು. ನನ್ನನ್ನು ನೋಡಿ ಎದ್ದು, “ಬಾಪ್ಪ, ಬಾ. ದಾರಿ ಗೊತ್ತಾಯ್ತಾ?” ಎಂದರು. ಅತ್ತಿಗೆಮ್ಮ ನೀರು ತಂದುಕೊಟ್ಟು ಒಳಗೆ ಹೋದರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ: ದರ, ಸೊನ್ನೆಗಳು, ಸೂಚನೆ, ಗೇಟಿನಲ್ಲಿ ‘ಕೇಳಿ ನೋಡಿ’ ಎಂದದ್ದು.

ಅವರು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನಂಗೊತ್ತಿತ್ತು ಕಣ್ಲಾ” ಎಂದರು.

“ಹೆಂಗಣ್ಣ?”

“ಯಾವ್ ಫ್ಯಾಕ್ಟ್ರಿ ಎಷ್ಟು ಕೊಂಡೈತೆ ಅಂತ ದಿನಾ ನಮ್ಮಾಫೀಸ್ಗೆ ಪಟ್ಟಿ ಬತ್ತದೆ. ನಿಮ್ ಸಾಲಲ್ಲಿ ಸಂಜೆ ಎಲ್ಲಾ ಸೊನ್ನೆ. ಪಕ್ಕದೋರು ಕೊಂಡವ್ರೆ, ಇವ್ನು ಯಾಕೆ ಕೊಂಡಿಲ್ಲ ಅನ್ಕಂಡೆ. ಮರ್ತ್ಬುಟ್ಟ ಅಂದ್ರೆ ಒಂದಿನ. ಒಂಬತ್ ದಿನ ಯಾರು ಮರೀತಾರೆ?”

“ಅವತ್ತು ಮೇಲಿಂದ ಹೇಳ್ಬೋದಿತ್ತಲ್ಲಣ್ಣ. ನನ್ನ ಹೆಸರು ಹೇಳಿಬಿಡಬೇಕಿತ್ತು.”

“ಬಾಯಿಗೆ ಬಂತು. ನುಂಗ್ಕಂಡೆ.” ಇನ್ನೊಂದು ಹಿಡಿ ಬೀನ್ಸ್ ಎಳೆದುಕೊಂಡರು. “ನಾಳೆ ನೀನೇ ಬಂದು ಹೇಳ್ತೀಯ ಅನ್ಕಂಡಿದ್ದೆ. ನಾಳೆ ಬರ್ಲಿಲ್ಲ. ನಾಡಿದ್ದು ಬತ್ತಾನೆ ಅನ್ಕಂಡೆ. ವಿಡಿಯೊ ನೋಡ್ದೆ ಇರ್ತಾನಾ, ಎಲ್ರೂ ನೋಡವ್ರಲ್ಲ ಅನ್ಕಂಡೆ. ಆಮೇಲೆ ಅನ್ಕೊಳ್ಳೋದು ಬಿಟ್ಬುಟ್ಟೆ.”

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. “ಅವೆಲ್ಲ ಬ್ಯಾಡ. ಊಟ ಮಾಡ್ಕೊಂಡು ಹೋಗು” ಎಂದರು. ಅತ್ತಿಗೆಮ್ಮ ಬಡಿಸಿದರು. ಅಣ್ಣ ನನ್ನ ಜೊತೆ ಕೂರಲಿಲ್ಲ. ಹಸು ಬಿಚ್ಚಬೇಕು ಎಂದು ಹೊಲದ ಕಡೆ ಹೋದವರು ನಾನು ಹೊರಡುವವರೆಗೂ ಬರಲಿಲ್ಲ. ಅವರು ನಡೆದುಹೋಗುವುದನ್ನು ನೋಡುತ್ತ ಎರಡು ತುತ್ತು ತಿಂದು ಎದ್ದೆ.

ಆ ವರ್ಷದ ಬಹುಮಾನ ನನಗೇ ಬಂತು. ಆ ಸೊನ್ನೆಯ ದಿನಗಳ ಉಳಿತಾಯವೂ ಸೇರಿಯೇ ಬಂದ ಬಹುಮಾನ. ಚೆನ್ನೈಯಲ್ಲಿ ವೇದಿಕೆ ಹತ್ತಿ ಶಾಲು ಹೊದಿಸಿಕೊಂಡೆ. ಬೇಡವೆಂದು ಹೇಳಬಹುದಿತ್ತು, ಯಾಕೆ ಎಂದು ಕೇಳಿದರೆ ಕಾರಣ ಕೊಡಬೇಕಾಗುತ್ತಿತ್ತು.

ಶಾಲು ಹೊದ್ದು ಬಂದ ಮೇಲೆ ಮುಂದಾಳು ಹೆಂಗಸನ್ನು ಕಂಡಾಗಲೆಲ್ಲ ದಾರಿ ಬದಲಿಸುವಂತಾಯಿತು. ಒಂದು ದಿನ ಊಟದ ಶೆಡ್ಡಿನಲ್ಲಿ ಅವರೊಬ್ಬರೇ ಕೂತು ಡಬ್ಬಿ ತೊಳೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಅಣ್ಣನ ಹೆಸರು ಅಲ್ಲಿ ತೊಳೆದುಹೋಗಲಿ ಎಂಬುದು ನನ್ನ ಉದ್ದೇಶವೆಂದು ಆಗ ಅಂದುಕೊಂಡಿದ್ದೆ.

ಅವರು ಡಬ್ಬಿಯನ್ನು ಕೆಳಗಿಟ್ಟರು. ಆಮೇಲೆ ಒದ್ದೆ ಕೈಗಳನ್ನು ಮುಂದೆ ಚಾಚಿ ತೋರಿಸಿದರು.

“ಏಣಿ ತೆಗ್ದಿದ್ದು ಈ ಕೈ ಸಾರ್. ಅವ್ರು ನೀರು ಕೇಳಿದ್ರು. ಕೊಡ್ಬ್ಯಾಡ್ರೇ ಅಂದಿದ್ದು ಈ ಬಾಯಿ.”

“ತಪ್ಪು ನನ್ನದಮ್ಮ. ನಿಮಗೆ ಗೊತ್ತಿರಲಿಲ್ಲ.”

“ಗೊತ್ತಿರ್ಲಿಲ್ಲ, ಸರಿ. ನೀವು ಅವತ್ತೇ ಹೇಳಿದ್ರೆ ನಿಮ್ಮನ್ನ ಬೈತಿದ್ವಿ, ಅಷ್ಟೇ. ಬೈಸ್ಕೊಂಡು ಮನೆಗೋಗ್ತಿದ್ರಿ. ಈಗ ಹೇಳ್ತೀರ. ನಿಮ್ಮೆದೆ ಹಗುರಾಯ್ತು. ಇದ್ನ ಹೊತ್ಕೊಂಡು ನಾನೆಲ್ಲಿಗೋಗ್ಲಿ ಸಾರ್, ನೀವೇ ಹೇಳಿ.”

ಕೆಲಸಕ್ಕೆ ಗಂಟೆಯಾಯಿತು, ಅವರು ಎದ್ದು ಹೋದರು. ನನ್ನ ಬಗ್ಗೆ ಯಾರಿಗೂ ದೂರು ಹೇಳಲಿಲ್ಲ. ಸಾರ್ ಎನ್ನುವುದನ್ನೂ ಬಿಡಲಿಲ್ಲ. ಅಂದಿನಿಂದ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ, ಅಷ್ಟೇ.

ಎರಡು ವಾರ ಕಳೆದ ಮೇಲೆ ಅತ್ತಿಗೆಮ್ಮ ಫೋನು ಮಾಡಿದರು. ಅಣ್ಣ ಅಷ್ಟರಲ್ಲಿ ನಿವೃತ್ತರಾಗಿದ್ದರು. ಪಿಂಚಣಿಯ ಒಂದು ಫಾರಮ್ಮಿನ ವಿಷಯ ಕೇಳಬೇಕಿತ್ತಂತೆ. ಅದು ಮುಗಿದ ಮೇಲೆ ಹೇಳಿದರು:

“ರಾಯಕೋಟೆ ರೋಡಿಂದ ಒಬ್ಬಮ್ಮ ಬಂದಿದ್ಲು ಕಣಪ್ಪ, ಜೊತೆಗೆ ಇನ್ನಿಬ್ರು. ಬಾಗ್ಲಲ್ಲೇ ಕುಂತ್ಕೊಂಡು ಅತ್ಬುಟ್ರು. ನಿಮ್ಮಣ್ಣ ಮೊದ್ಲು ಹೊರಕ್ಕೇ ಬರ್ಲಿಲ್ಲ. ಆಮೇಲೆ ಬಂದ್ರು. ಸಂಜೆಗಂಟ ತೆಲುಗ್ನಲ್ಲಿ ಮಾತಾಡ್ಕೊಂಡು ಕುಂತಿದ್ರು. ಹೋಗ್ವಾಗ ಅವ್ರೇ ಬಸ್‌ಸ್ಟ್ಯಾಂಡ್‌ಗಂಟ ಹೋಗಿ ಹತ್ಸಿ ಬಂದ್ರು.”

“ಅಣ್ಣ ಹೆಂಗಿದ್ದಾರೆ ಈಗ?”

“ಅವತ್ತಿಂದ ವಸಿ ಊಟ ಮಾಡ್ತಾವ್ರೆ. ಮೊನ್ನೆ ಒಬ್ರೇ ಹೊಸೂರ್ಗೂ ಹೋಗಿದ್ರು.”

ಹೊಸೂರಿಗೆ ಬಂದು ನನ್ನ ಹತ್ತಿರ ಬಾರದೆ ಹೋಗಿದ್ದರು. ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ: “ನನ್ನ ವಿಷಯ ಏನಾದ್ರೂ ಬಂತಾ ಅತ್ತಿಗೆಮ್ಮ, ಅವರು ಮಾತಾಡ್ವಾಗ?”

“ಇಲ್ಲಪ್ಪ” ಎಂದರು ಅವರು. “ನಿನ್ನ ಸುದ್ದಿ ಬರ್ಲೇ ಇಲ್ಲ. ಮಳೆ, ಮಕ್ಕಳು, ಅವಳ ಮಂಡಿನೋವು ಇಂಥವೇ.”

ಫಾರಮ್ಮನ್ನು ತುಂಬಿ ಅಂಚೆಯಲ್ಲಿ ಕಳಿಸಿದೆ. ಅದು ತಲುಪಿತೆಂದು ಅತ್ತಿಗೆಮ್ಮ ಒಂದು ಸಲ ಫೋನು ಮಾಡಿದರು. ಅಣ್ಣ ಮಾಡಲಿಲ್ಲ. ನಾನು ಮತ್ತೆ ಆ ಕಡೆ ಹೋಗಿಲ್ಲ. ಕರೆದರೆ ಹೋಗುತ್ತೇನೆ, ಕರೆಯದೆ ಹೋಗುವ ಹಕ್ಕು ನನಗಿಲ್ಲ ಎನ್ನಿಸುತ್ತದೆ.